ಎಡಸುತ್ತು

೫ ಫೆಬ್ರವರಿ ೧೯೮೪, ಭಾನುವಾರ

ಆರಕ್ಕೆಲ್ಲ ಗಾಡಿ ಕಲಿಸುವ ಮೈದಾನಕ್ಕೆ ನೀರು ಚಿಮುಕಿಸಿ ಮುಗಿಸಿದೆ. ಧೂಳು ಕೂತಿತು. ಟಾರು ಡ್ರಮ್ಮು ಎರಡೂ ಇಟ್ಟ ಜಾಗದಲ್ಲೇ ಇವೆ. ಯಾವ ಪುಣ್ಯಾತ್ಮನೂ ಉರುಳಿಸಿಕೊಂಡು ಹೋಗಿಲ್ಲ, ಸದ್ಯ.

ಜವಳಿ ಅಂಗಡಿ ಓಂಕಾರಮೂರ್ತಿ ಬಂದರು. ಹೊಸ ಸ್ಕೂಟರು, ಇಸ್ತ್ರಿ ಮಾಡಿದ ಪಂಚೆ. ಇವತ್ತೂ ಎಂಜಿನ್ ಸ್ಟಾರ್ಟ್ ಮಾಡಲು ಬಿಡಲಿಲ್ಲ ಎಂದು ಸಿಡಿಮಿಡಿ.

"ಏನ್ರೀ ಹವಾಲ್ದಾರ್ ಬೀರಪ್ಪನೋರೇ, ಬಂದಾಗ್ಲೆಲ್ಲ ಬರೀ ತಳ್ಳಿಸ್ತೀರಲ್ಲ. ನಾನೇನ್ ಹಮಾಲಿನಾ?"

"ಬಿದ್ದಾಗ ಎತ್ತೋರ್ಯಾರು? ಅಂಗಡಿ ಗುಮಾಸ್ತನ್ನ ಹಿಂದ್ಗಡೆ ಕೂರಿಸ್ಕೊಂಡೇ ಓಡಾಡ್ತೀರಾ?"

"ಲೈಸೆನ್ಸ್ ಒಂದ್ ಕೊಡಿಸ್ಬಿಡಿ ಸಾಕು ಕಣ್ರೀ. ಕಲಿಯೋದು ಆಮೇಲೆ ತಾನಾಗೇ ಆಯ್ತದೆ."

ಬಾಯಿ ತೆರೆದರೆ ಬೈಗುಳವೇ ಬರುತ್ತದೆಂದು ಬೀಡಿ ಹಚ್ಚಿದೆ. ನನ್ನ ಕ್ರಮ ಇಷ್ಟೇ — ಮೊದಲು ಎಂಜಿನ್ ಆರಿಸಿ ತಳ್ಳುವುದು. ಮಲಗಿದ ಗಾಡಿ ಎತ್ತುವುದು. ಆಮೇಲೆ ಬ್ರೇಕು. ಆಮೇಲೆ ನಡೆಯುವಷ್ಟು ನಿಧಾನಕ್ಕೆ ಓಡಿಸುವುದು. ಆಮೇಲೆ ಎರಡು ಡ್ರಮ್ಮಿನ ಸುತ್ತ ಎಂಟು ಹಾಕುವುದು, ಒಂದಕ್ಕೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ. ಅಷ್ಟಾದ ಮೇಲೆ ರಸ್ತೆ. ಮಿಲಿಟರಿಯಲ್ಲಿ ಗಾಡಿಯ ಮೇಲೆ ಟಪಾಲು ಒಯ್ಯುವ ಡಿಸ್ಪ್ಯಾಚ್ ರೈಡರ್ ಆಗಿದ್ದಾಗ ನಮಗೆ ಕಲಿಸಿದ್ದು ಹೀಗೆಯೇ. ಸಿಕ್ಕಿಂ ರಸ್ತೆಯಲ್ಲಿ ಬದುಕಿ ಬಂದಿದ್ದೂ ಅದರಿಂದಲೇ. ಅಜ್ಜಂಪುರದವರಿಗೆ ಹೇಳಿದರೆ ನಗುತ್ತಾರೆ.

ಮಧ್ಯಾಹ್ನ ಪ್ರೇಮ ಬಂದಳು, ಗಂಡ ಚಂದ್ರಶೇಖರನ ಜೊತೆ. ನನ್ನ ಅಕ್ಕ ಕಾಶಕ್ಕನ ಮಗಳು. ಅಕ್ಕ ಹೋದ ಮೇಲೆ ಧಾರೆ ಎರೆದುಕೊಟ್ಟವನು ನಾನೇ. ಈಗ ಶಿವನಿ ಕಡೆ ಹಳ್ಳಿಗಳಿಗೆ ಅವಳೇ ನರ್ಸು. ಇಲಾಖೆಯಿಂದ ಮೊಪೆಡ್ ಕೊಟ್ಟಿದ್ದಾರಂತೆ. ಜೊತೆಗೊಂದು ಆರ್ಡರ್ — ಮಾರ್ಚ್ ಮುಗಿಯುವುದರೊಳಗೆ ಲೈಸೆನ್ಸ್ ತೋರಿಸಬೇಕು, ಇಲ್ಲವಾದರೆ ಗಾಡಿ ಬೇರೆಯವರಿಗೆ, ಇವಳು ಹೆಬ್ಬೆ ಕಡೆ ಕಾಡಿಗೆ. ಅಷ್ಟು ದೂರ ಹಾಕಿದರೆ ಕೆಲಸವನ್ನೇ ಬಿಡಿಸುತ್ತೇನೆ ಎಂದು ಅತ್ತೆ ಹನುಮಂತಮ್ಮ ಹೇಳಿಬಿಟ್ಟಿದ್ದಾರೆ.

"ನಂಗೆ ಆಗ್ಲೇ ಬತ್ತದೆ ಮಾವ. ಇವ್ರು ಕಣದಾಗೆ ಕಲಿಸವ್ರೆ. ನೀವು ಟೆಸ್ಟಿಗೆ ಏನೇನ್ ಬೇಕೋ ಅಷ್ಟ್ ಹೇಳ್ಕೊಡಿ ಸಾಕು."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಡ್ರಮ್ಮನ್ನು ಬಲಗಡೆ ಇಟ್ಟುಕೊಂಡು ಸುತ್ತಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಕಾಲು ಕೆಳಗಿಡಲಿಲ್ಲ, ಅಲ್ಲಾಡಲಿಲ್ಲ. ಓಂಕಾರಮೂರ್ತಿಯವರಿಗೆ ತೋರಿಸಬೇಕಿತ್ತು.

"ಈಗ ಎಡಕ್ಕೆ" ಎಂದೆ.

ಸೀದಾ ಹೋಗಿ ಕತ್ತಾಳೆ ಬೇಲಿಗೆ ನುಗ್ಗಿದಳು. ಮೂವರೂ ನಕ್ಕೆವು. ಇನ್ನೊಮ್ಮೆ ಎಂದೆ. ಇನ್ನೊಮ್ಮೆಯೂ ಬೇಲಿ. ಮೂರನೇ ಸಲ ಹ್ಯಾಂಡಲ್ ತಿರುಗಿಸಲಾಗದೆ ಕಾಲು ಕೊಟ್ಟು ನಿಂತಳು. ಮುಖ ಬಿಳಚಿಕೊಂಡಿತ್ತು. ನಾನು ನಗುವುದು ನಿಲ್ಲಿಸಿದೆ.

೮ ಫೆಬ್ರವರಿ

ಅವರ ಊರಿಗೆ ಹೋಗಿದ್ದೆ. ಏನು ಕಲಿಸಿದ್ದಾನೆ ಎಂದು ಕಣ್ಣಾರೆ ನೋಡಬೇಕಿತ್ತು.

ರಾಗಿ ಒಕ್ಕಣೆ ಮುಗಿದ ಕಣ. ಗಟ್ಟಿ ನೆಲ, ಸುತ್ತ ಬೇಲಿ, ನಡುವೆ ಮೇಟಿಕಂಬ. ರಸ್ತೆಗಿಳಿದು ಕಲಿತರೆ ಹೆಂಗಸು ಗಾಡಿ ಹತ್ತಿದಳು ಎಂದು ಊರೇ ನಿಂತು ನೋಡುತ್ತದೆ, ಅದಕ್ಕೆ ಇಲ್ಲಿ. ಒಕ್ಕುವ ಎತ್ತು ಮೇಟಿಯನ್ನು ಬಲಗಡೆ ಇಟ್ಟುಕೊಂಡು ಸುತ್ತುತ್ತವಲ್ಲ, ಪ್ರೇಮಳೂ ಹಾಗೆಯೇ ಸುತ್ತುತ್ತಾಳೆ. ದಿನಾ ಬೆಳಿಗ್ಗೆ, ದಿನಾ ಸಂಜೆ. ಒಂದು ತಿಂಗಳಿಂದ!

ನಿಂತು ನೋಡಿದೆ. ಅವಳ ಕೈ ನೋಡಲಿಲ್ಲ, ಕಣ್ಣು ನೋಡಿದೆ. ಮೇಟಿ ಬಿಟ್ಟು ಕಣ್ಣು ಆಚೀಚೆ ಹೋಗುವುದೇ ಇಲ್ಲ. ರೋಗ ಅಲ್ಲಿದೆ. ಕಣ್ಣು ಎಲ್ಲಿ ನೆಡುತ್ತದೋ ಗಾಡಿ ಅಲ್ಲಿಗೇ ಹೋಗುತ್ತದೆ, ಇದು ಮೊದಲ ಪಾಠ. ಇವಳ ಕಣ್ಣು ಬಲಗಡೆ ಒಂದು ಕಂಬ ಹುಡುಕುವುದನ್ನು ಕಲಿತುಬಿಟ್ಟಿದೆ. ಮೇಟಿ ಇಲ್ಲದ ಕಡೆಯೂ ಹುಡುಕುತ್ತದೆ.

"ತಿರುಗಿಸು. ಮೇಟಿ ಎಡಕ್ಕೆ ಬರ್ಲಿ" ಎಂದೆ. ಅವಳು ಚಂದ್ರಶೇಖರನ ಮುಖ ನೋಡಿದಳು. ಅವನು ನೆಲ ನೋಡಿದ. ನಾನೇ ಹ್ಯಾಂಡಲ್ ಹಿಡಿದು ಗಾಡಿ ತಿರುಗಿಸಿ ನಿಲ್ಲಿಸಿದೆ. ಅರ್ಧ ಸುತ್ತೂ ಆಗಿರಲಿಲ್ಲ, ಹನುಮಂತಮ್ಮ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿ ಬಂದರು.

"ನಿಲ್ಸೇ ಗಾಡಿನ! ಕಣದಾಗೆ ಎಡಸುತ್ತು ಹಾಕ್ತಾರೇನೇ? ನಮ್ಮನೇಲಿ ಯಾರ್ ಸತ್ತವ್ರೆ ಈಗ?"

ಪ್ರೇಮ ಅಲ್ಲೇ ಇಳಿದುಬಿಟ್ಟಳು.

"ಅಕ್ಕಾ, ಇದು ಮಿಷಿನ್ನು. ಎತ್ತಲ್ಲ" ಎಂದೆ.

"ಏನಾದ್ರೂ ಆಗ್ಲಿ ಬೀಗ್ರೇ, ಕಣ ಕಣಾನೇ. ವರ್ಷದ ಅನ್ನ ಬೀಳೋ ಜಾಗ. ಹೆಗಲ ಮೇಲೆ ಮಡಕೆ ಹೊತ್ಕೊಂಡು ಹೆಣಕ್ಕೆ ಹಾಕೋದು ಎಡಸುತ್ತು. ನನ್ ಸೊಸೆ ಮುತ್ತೈದೆ. ಅವಳ ಕೈಲಿ ಇಲ್ಲಿ ಅದನ್ನ ಹಾಕ್ಸಿ ನಾನ್ ನಿದ್ದೆ ಮಾಡ್ಲಾ? ನಿಮ್ ಮೈದಾನದಾಗೆ ಎಷ್ಟ್ ಬೇಕೋ ಅಷ್ಟ್ ಹಾಕಿಸ್ಕಳಿ. ನಾನ್ ಬ್ಯಾಡ ಅನ್ನಕಿಲ್ಲ."

ಕೆಟ್ಟವರಲ್ಲ. ಆಮೇಲೆ ಮಜ್ಜಿಗೆ ಕೊಟ್ಟರು. ಸುತ್ತಮುತ್ತ ಯಾರ ಮನೆಯಲ್ಲಿ ಹೆರಿಗೆಯಾದರೂ ನನ್ನ ಸೊಸೆಯೇ ಬೇಕು ಎಂದು ಹೇಳಿಕೊಂಡರು. ಹೇಳುವಾಗ ಮುಖ ಅರಳುತ್ತದೆ. ನಾನು ವಾದ ಮಾಡಲಿಲ್ಲ. ಮಾಡಬೇಕಿತ್ತೇನೋ. ಆದರೆ ಹುಟ್ಟಿದಾರಭ್ಯ ನಾನೂ ಕಣದಲ್ಲಿ ಎಡಸುತ್ತು ನೋಡಿಲ್ಲ.

೧೨ ಫೆಬ್ರವರಿ, ಭಾನುವಾರ

ನಾನೇ ಹೋಗಿ ಪ್ರೇಮಳನ್ನು ಬುಲೆಟ್ಟಿನಲ್ಲಿ ಕರೆತಂದೆ. ಚಂದ್ರಶೇಖರ ಮೊಪೆಡ್ ತಂದ. ಇವತ್ತು ಬರೀ ಎಡ.

ಡ್ರಮ್ಮಿಗೆ ಕೆಂಪು ಬಟ್ಟೆ ಕಟ್ಟಿದೆ. "ಅದನ್ನೇ ನೋಡು. ಬೇರೆ ಏನೂ ನೋಡ್ಬೇಡ." ನೋಡುತ್ತಾಳೆ, ಗಾಡಿ ಹೊರಟ ಕೂಡಲೇ ಕಣ್ಣು ಬಲಕ್ಕೆ ಜಾರುತ್ತದೆ. ಬಿದ್ದಳು, ಎದ್ದಳು. ಮೊಣಕೈ ತರಚಿತು. ಬೈದೆ. ಬೈದಿದ್ದು ಹೆಚ್ಚಾಯಿತು.

ಕೊನೆಗೆ ಹಳೆಯ ಟವೆಲ್ಲನ್ನು ಅವಳ ತಲೆಗೆ ಸುತ್ತಿ, ಒಂದು ತುದಿ ಬಲಗಣ್ಣಿನ ಪಕ್ಕ ಇಳಿಬಿಟ್ಟು ಪಿನ್ ಹಾಕಿದೆ. ಬಲಗಡೆ ಏನೂ ಕಾಣಬಾರದು.

"ಜಟಕಾ ಕುದುರೆ ಮಾಡ್ಬಿಟ್ರಲ್ಲ ಮಾವ ನನ್ನ!"

ನಕ್ಕು ನಕ್ಕು ಹೊರಟಳು — ಒಂದು ಸುತ್ತು ಬಂತು! ಪೂರ್ತಿ ಎಡಸುತ್ತು, ಕಾಲು ಕೆಳಗಿಡದೆ. ಇನ್ನೊಂದು ಬಂತು. ಚಂದ್ರಶೇಖರ ಚಪ್ಪಾಳೆ ತಟ್ಟಿದ. ಅಕ್ಕ ಇದ್ದಿದ್ದರೆ ನೋಡುತ್ತಿದ್ದಳು.

೧೯ ಫೆಬ್ರವರಿ, ಭಾನುವಾರ

ಎಲ್ಲ ನೀರಲ್ಲಿ ಹೋಮ. ಟವೆಲ್ ಇದ್ದರೂ ಕುತ್ತಿಗೆಯನ್ನೇ ಬಲಕ್ಕೆ ತಿರುಗಿಸುತ್ತಾಳೆ. ವಾರವಿಡೀ ಕಣದಲ್ಲಿ ಬಲಸುತ್ತು, ಒಂದು ದಿನ ಇಲ್ಲಿ ಎಡ. ನಾನು ಹೊಲಿದದ್ದನ್ನು ಮೇಟಿ ಬಿಚ್ಚುತ್ತದೆ.

"ಕಣಕ್ಕೆ ಹೋಗ್ಬೇಡ. ಗಾಡಿ ಮುಟ್ಲೇಬೇಡ ಭಾನುವಾರದವರೆಗೆ."

"ಟೆಸ್ಟ್ ಹತ್ರ ಬಂತಲ್ಲ ಮಾವ. ಮುಟ್ದಿದ್ರೆ ಇರೋದೂ ಮರ್ತೋಯ್ತದೆ."

ಅವಳು ಹೇಳುವುದೂ ಸರಿಯೇ. ಮರೆಯಲಿ ಎಂದೇ ನಾನು ಬಯಸುತ್ತಿರುವುದು ಅವಳಿಗೆ ಹೇಗೆ ಗೊತ್ತಾಗಬೇಕು?

೨೯ ಫೆಬ್ರವರಿ, ಶಿವರಾತ್ರಿ

ಉಪವಾಸ. ತಲೆನೋವು. ಚಂದ್ರಶೇಖರ ತೆಂಗಿನಕಾಯಿ ಕೊಡಲು ಬಂದಿದ್ದ. ಕೂರಿಸಿಕೊಂಡು ಹೇಳಿದೆ — ಮೇಟಿ ಕಿತ್ತುಬಿಡು. ಕಂಬ ಇಲ್ಲದಿದ್ದರೆ ಸುತ್ತುವ ಚಟವೂ ಹೋಗುತ್ತದೆ.

"ಇನ್ನೂ ಹುರುಳಿ ಒಕ್ಕೋದೈತೆ ಮಾವ. ನಡುವೆ ಕಿತ್ರೆ ಅವ್ವ ಮನೇಲಿ ಬದುಕಕ್ಕೆ ಬಿಡಕಿಲ್ಲ. ಯುಗಾದಿ ಕಳೀಲಿ, ನಾನೇ ಕೀಳ್ತೀನಿ."

"ಯುಗಾದಿ ಹೊತ್ತಿಗೆ ಅವಳು ರೋಡಲ್ಲಿರ್ತಾಳೆ ಕಣೋ."

"ರೋಡಲ್ಲಿ ಯಾರ್ ಸುತ್ತು ಹೊಡೀತಾರೆ ಮಾವ? ನೇರ ಹೋಗೋದು, ನೇರ ಬರೋದು."

ಒಳ್ಳೆಯ ಹುಡುಗ. ಹೆಂಡತಿಗೆ ಗಾಡಿ ಕಲಿಸುವ ಮನಸ್ಸು ಈ ಸೀಮೆಯಲ್ಲಿ ಎಷ್ಟು ಜನಕ್ಕಿದೆ? ಅದಕ್ಕೇ ಕೈ ಎತ್ತಲು ಆಗಲಿಲ್ಲ. ಇಲ್ಲದಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ.

೧೫ ಮಾರ್ಚ್, ಗುರುವಾರ

ತರೀಕೆರೆಯಲ್ಲಿ ಟೆಸ್ಟು. ಚಂದ್ರಶೇಖರ ಮೊಪೆಡ್ ಓಡಿಸಿಕೊಂಡು ಮೊದಲೇ ಹೋಗಿದ್ದ. ನಾನೂ ಪ್ರೇಮಳೂ ಬಸ್ಸಿನಲ್ಲಿ. ದಾರಿಯಿಡೀ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು, ದೇವರ ಹೆಸರೋ ರಸ್ತೆ ಚಿಹ್ನೆಗಳೋ.

ಜಿಲ್ಲೆಯಿಂದ ಬಂದ ಬ್ರೇಕ್ ಇನ್ಸ್‌ಪೆಕ್ಟರ್ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದರು. ಎಳನೀರು ಕೈಯಲ್ಲಿ. ಜನ ಸಾಲಾಗಿ ನಿಂತಿದ್ದರು. ಮೈದಾನದ ನಡುವೆ ಬಾವುಟದ ಕಂಬ. ಅದಕ್ಕೊಂದು ಸುತ್ತು ಹಾಕಿ ಬಂದರೆ ಪಾಸು. ಯಾವ ಕಡೆಯಿಂದ ಎಂದು ಅವರು ಹೇಳಲಿಲ್ಲ. ಮೊದಲನೆಯವನು ದೇವರ ಗುಡಿ ಸುತ್ತುವ ಹಾಗೆ ಬಲಕ್ಕೆ ಹೋದ. ಹಿಂದಿನವರೆಲ್ಲ ಹಾಗೆಯೇ.

ಓಂಕಾರಮೂರ್ತಿಯವರೂ ಇದ್ದರು. ಕಿಕ್ ಹೊಡೆದು ಸ್ಟಾರ್ಟ್ ಮಾಡಿಕೊಟ್ಟದ್ದು ಗುಮಾಸ್ತ. ಕಂಬ ಸುತ್ತಿ ಬಂದು ನಿಲ್ಲಿಸಲು ಗೊತ್ತಾಗದೆ ಅವನ ಮೇಲೆಯೇ ಬಂದರು. ಪಾಸು.

ಪ್ರೇಮಳ ಸರದಿ. ಸುತ್ತಿದಳು. ಕಂಬದ ಮೇಲೆ ಕಣ್ಣು. ನೀರು ಹರಿದ ಹಾಗೆ ಹೋಯಿತು ಗಾಡಿ. "ಪರ್ವಾಗಿಲ್ವೇ, ಹೆಣ್ಮಗಳು!" ಎಂದರು ಇನ್ಸ್‌ಪೆಕ್ಟರ್. ಪೆನ್ನು ಎತ್ತಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಸಾರ್, ಎಡಕ್ಕೂ ಒಂದ್ ಸುತ್ತು ಹಾಕ್ಸಿ ನೋಡಿ."

"ಯಾರ್ರೀ ನೀವು?"

"ಈಕೆ ಸೋದರಮಾವ ಸಾರ್. ನಾನೇ ಕಲಿಸ್ತಿರೋದು. ಎಡಕ್ಕೆ ಇನ್ನೂ ಬರ್ತಿಲ್ಲ."

"ಸೋದರಮಾವನೇ ಫೇಲ್ ಮಾಡಿ ಅಂತಾನಲ್ರಪ್ಪಾ!"

ಸಾಲು ಸಾಲೇ ನಕ್ಕಿತು. ಪಾಸು ಎಂದು ಬರೆದೇಬಿಟ್ಟರು ಇನ್ಸ್‌ಪೆಕ್ಟರ್. "ಮನೇಲಿ ನೀವೇ ಹಾಕಿಸ್ಕೊಳ್ಳಿ, ಹೋಗಿ. ನೆಕ್ಸ್ಟ್!"

ಪ್ರೇಮ ನನ್ನ ಕಡೆ ನೋಡಿದ ನೋಟ ಮರೆಯಲಾರೆ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಇಳಿಯುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದಳು —

"ನನ್ ಕೆಲ್ಸ ಹೋಗ್ಲಿ ಅಂತ ಹೇಳಿದ್ರಾ ಮಾವ?"

ಕೆಲಸ ಹೋದರೆ ಇನ್ನೊಂದು ಸಿಗುತ್ತದೆ ಎನ್ನಬೇಕಿತ್ತು. ಅಷ್ಟರಲ್ಲಿ ಅವಳು ಹೋಗಿಯಾಗಿತ್ತು.

೧೮ ಮಾರ್ಚ್, ಭಾನುವಾರ

ಬರಲಿಲ್ಲ. ಡ್ರಮ್ಮಿನ ಕೆಂಪು ಬಟ್ಟೆ ಹಾಗೇ ಇದೆ.

ನಾನೇ ಹೋಗಬಹುದು. ಹೋಗುವುದಿಲ್ಲ. ನಾನೇನು ತಪ್ಪು ಮಾಡಿದೆ?

೨೫ ಮಾರ್ಚ್, ಭಾನುವಾರ

ಇವತ್ತೂ ಇಲ್ಲ.

ರೈಲ್ವೆ ಗೇಟಿನ ಪುಟ್ಟಯ್ಯ ಸಿಕ್ಕಿದ್ದ. ಗೇಟ್ ಹಾಕಿ, ರೈಲು ಬರುವವರೆಗೆ ಹರಟೆ.

"ನಿಮ್ ನರ್ಸಮ್ಮನ್ನ ನೋಡಿದ್ರಾ ಹವಾಲ್ದಾರ್ರೇ? ನೇರ ರಸ್ತೇಲಿ ರಾಣಿ ಹಂಗೆ ಬತ್ತಾರೆ. ಎಡ ತಿರುವು ಬಂತು ಅಂದ್ರೆ ಗಾಡಿ ಆರಿಸಿ, ಇಳಿದು, ತಳ್ಕೊಂಡ್ ಹೋಗಿ, ಅತ್ಲಾಗೆ ಮತ್ತೆ ಹತ್ತೋದು! ನಾನೂ ಕೇಳ್ದೆ, ಯಾಕ್ರಮ್ಮಾ ಅಂತ. ನಮ್ ಮಾವ ತಳ್ಳೋದ್ನ ಬೋ ಚೆನ್ನಾಗ್ ಕಲಿಸವ್ರೆ ಅಂದ್ರು."

ಅವನು ನಕ್ಕ. ನಾನೂ ನಕ್ಕೆ. ಮನೆಗೆ ಬಂದು ಕೂತ ಮೇಲೆ ಸಮಾಧಾನವೂ ಆಯಿತು. ಇಳಿದು ತಳ್ಳುತ್ತಾಳೆ ಎಂದರೆ ಭಯ ಇದೆ. ಭಯ ಇರುವವರೆಗೆ ಚಿಂತೆಯಿಲ್ಲ. ಕೋಪ ಮಾಡಿಕೊಂಡು ದೂರ ಇದ್ದರೂ ಇರಲಿ, ಹೀಗೇ ತಳ್ಳುತ್ತಿರಲಿ.

೨ ಏಪ್ರಿಲ್, ಯುಗಾದಿ

ಬಂದಳು! ಬಸ್ಸಿನಲ್ಲಿ, ಚಂದ್ರಶೇಖರನ ಜೊತೆ. ಬೇವು ಬೆಲ್ಲ, ಡಬ್ಬಿಯಲ್ಲಿ ಒಬ್ಬಟ್ಟು. ಅತ್ತೆಯೇ ಕಳಿಸಿದ್ದಂತೆ. ಕಾಲಿಗೆ ಬಿದ್ದು ಎದ್ದವಳು ಅಲ್ಲೇ ಗೋಡೆಗೆ ಒರಗಿ ಕೂತಳು.

"ನಿಮ್ ಮೇಲೆ ಸಿಟ್ಟಿತ್ತು ಮಾವ. ಹೋಯ್ತು ಈಗ."

ಆರ್ಡರ್ ರದ್ದಾಗಿದೆ, ವರ್ಗ ಇಲ್ಲ. ಹೋದ ವಾರ ಮೊಪೆಡ್ಡಿನಲ್ಲಿ ಸಮಯಕ್ಕೆ ಹೋಗಿದ್ದರಿಂದ ಒಬ್ಬ ಬಾಣಂತಿ ಉಳಿದಳಂತೆ. ಅದನ್ನು ಎರಡೆರಡು ಸಲ ಹೇಳಿದಳು. ಚಂದ್ರಶೇಖರ ನಿನ್ನೆ ಮೇಟಿ ಕಿತ್ತನಂತೆ. ಹುರುಳಿ ಒಕ್ಕಿಯಾಯಿತು.

"ಅತ್ತೆ ಏನಂದ್ರು?" ಎಂದೆ.

"ಕಿತ್ತ ಗುಂಡಿಗೆ ಅರಿಸಿನ ಕುಂಕುಮ ಹಾಕಿ, 'ಇನ್ನ ನಿನ್ ಮಾವನ ಹತ್ರ ಎಷ್ಟ್ ಎಡಕ್ಕೆ ತಿರುಗ್ತೀಯೋ ತಿರುಗು ಹೋಗು' ಅಂದ್ರು."

ಮೂವರೂ ನಕ್ಕೆವು. ಭಾನುವಾರದಿಂದ ಬರುತ್ತಾಳೆ. ನಾನು ಕರೆಯಲು ಬರುತ್ತೇನೆ ಎಂದರೆ ಬೇಡ ಎಂದಳು.

"ನಾನೇ ಗಾಡೀಲಿ ಬತ್ತೀನಿ. ಲೈಸೆನ್ಸ್ ಇರೋಳು ನಾನು. ನೀವ್ ಬೇಕಾದ್ರೆ ಕೆರೆ ಏರಿ ಹತ್ರ ನಿಂತಿರಿ."

ಏರಿ ಮುಗಿದ ಕಡೆ ರಸ್ತೆ ಎಡಕ್ಕೆ ಮುರಿಯುತ್ತದೆ. ಅದರಾಚೆ ನನ್ನ ಮೈದಾನ.

"ಏರಿ ಮುಗಿಯೋದ್ರೊಳಗೆ ಇಳಿ. ತಳ್ಕೊಂಡ್ ಬಾ."

"ಆಯ್ತು ಮಾವ."

"ಆಣೆ ಮಾಡು."

"ಅಯ್ಯೋ, ಆಯ್ತು ಕಣ್ ಮಾವ!"

೮ ಏಪ್ರಿಲ್, ಭಾನುವಾರ, ಬೆಳಿಗ್ಗೆ

ನೀರು ಚಿಮುಕಿಸಿದೆ. ಕೆಂಪು ಬಟ್ಟೆ ಹೊಸದು ಕಟ್ಟಿದೆ. ಟವೆಲ್ ಒಗೆದು ಇಟ್ಟಿದ್ದೇನೆ. ಇವತ್ತು ಬೈಯುವುದಿಲ್ಲ.

ಏರಿ ಹತ್ತಿರ ಹೋಗಿ ನಿಲ್ಲುತ್ತೇನೆ. ಬರುವ ಹೊತ್ತಾಯಿತು.

೮ ಏಪ್ರಿಲ್, ಸಂಜೆ

ಪ್ರೇಮ ಹೋದಳು.

೧೩ ಏಪ್ರಿಲ್

ಬರೆಯಬೇಕು. ಯಾರ ಹತ್ತಿರವೂ ಹೇಳಲಾಗುತ್ತಿಲ್ಲ. ಪೊಲೀಸರಿಗೆ ಹೇಳಿದ್ದು ಬೇರೆ — ಲಾರಿ ಯಾವ ಕಡೆಯಿಂದ ಬಂತು, ಎಷ್ಟು ಸ್ಪೀಡಿತ್ತು, ಅಷ್ಟೇ. ಲಾರಿಯವನದು ತಪ್ಪಿಲ್ಲ ಎಂದೆ. ಇಟ್ಟಿಗೆ ತುಂಬಿದ ಲಾರಿ, ಅವನು ನಿಧಾನಕ್ಕೇ ಬಂದ, ಅವನ ಬದಿಯಲ್ಲೇ ಬಂದ. ಇಳಿದು ಬಂದು ನನ್ನ ಕಾಲ ಬಳಿ ಕೂತು ಅತ್ತ.

ತಿರುವಿನಲ್ಲಿ ನಿಂತಿದ್ದೆ. ಏರಿಯ ಮೇಲೆ ಬರುವುದು ಕಂಡಿತು. ಹಸಿರು ಸೀರೆ. ನನ್ನನ್ನು ಕಂಡು ಒಂದು ಕೈ ಎತ್ತಿದಳು. "ಎರಡೂ ಕೈ ಇಡು!" ಎಂದು ಕೂಗಿದೆ. ಇಟ್ಟಳು. ಇಳಿಯಬೇಕಾದ ಜಾಗ ಬಂತು. "ಇಳಿ" ಎಂದೆ. ಇಳಿಯಲಿಲ್ಲ. ನಗುತ್ತಿದ್ದಳು. ಮಾವನಿಗೆ ತೋರಿಸಬೇಕಿತ್ತು ಅವಳಿಗೆ. ಅಷ್ಟೇ. ಬೇರೆ ಯಾರೂ ನೋಡದ ಕಡೆಯಲ್ಲೆಲ್ಲ ಇಳಿದು ತಳ್ಳಿದವಳು, ನಾನು ನಿಂತಿದ್ದೇನೆಂದು ಇಳಿಯಲಿಲ್ಲ.

ತಿರುವಿಗೆ ಬಂದಾಗ ಕಣ್ಣು ಎಡಕ್ಕೇ ಇತ್ತು. ನನ್ನ ಮೇಲೆ. ಗಾಡಿ ತಿರುಗಲು ಶುರುವಾಗಿತ್ತು. ದೇವರಾಣೆ ತಿರುಗುತ್ತಿತ್ತು. ಅಷ್ಟರಲ್ಲಿ ಎದುರಿಗೆ ಲಾರಿ. ಹಾರನ್ ಹೊಡೆದ. ಅವಳ ಮುಖ ಬಲಕ್ಕೆ ಹೋಯಿತು. ಕಣ್ಣು ಲಾರಿಗೆ ನೆಟ್ಟಿತು. ಆ ನೋಟ ನಾನು ಬಲ್ಲೆ. ಕಣದಲ್ಲಿ ನೋಡಿದ್ದೆ, ತರೀಕೆರೆಯಲ್ಲಿ ನೋಡಿದ್ದೆ. ಗಾಡಿ ಕಣ್ಣಿನ ಹಿಂದೆಯೇ ಹೋಯಿತು.

"ಎಡಕ್ಕೆ, ಎಡಕ್ಕೆ" ಎಂದು ಕೂಗುತ್ತಲೇ ಇದ್ದೆನಂತೆ. ಹತ್ತಿರದ ಗೇಟಿನಿಂದ ಪುಟ್ಟಯ್ಯ ಓಡಿ ಬಂದು ನನ್ನ ಬಾಯಿ ಮುಚ್ಚಿದ ಎನ್ನುತ್ತಾರೆ. ನನಗೆ ನೆನಪಿಲ್ಲ.

ಅಲ್ಲಿ ನಾನು ನಿಲ್ಲಬಾರದಿತ್ತು.

೧೯ ಏಪ್ರಿಲ್

ಓಂಕಾರಮೂರ್ತಿ ಬಂದರು, ಮಾತಾಡಿಸಲು. ಸ್ಕೂಟರಿನಲ್ಲಿ. ಹಿಂದೆ ಗುಮಾಸ್ತ.

"ವಿಧಿ ಕಣ್ರೀ. ಹಣೇಲಿ ಬರೆದಿದ್ದು ಯಾರ್ ತಪ್ಪಿಸ್ತಾರೆ?"

"ಒಂದ್ ಕೆಲ್ಸ ಮಾಡಿ. ಆ ಡ್ರಮ್ಮಿಗೆ ಎಡಕ್ಕೊಂದ್ ಸುತ್ತು ಹಾಕ್ಕೊಂಡ್ ಬನ್ನಿ" ಎಂದೆ.

"ಈಗ್ಯಾಕೆ ಅದೆಲ್ಲ?"

"ಹಾಕ್ರೀ!"

ಹೊರಟರು. ಡ್ರಮ್ಮಿಗೆ ಗುದ್ದಿ ಬಿದ್ದರು. ಪಂಚೆ ಹರಿಯಿತು. ಗುಮಾಸ್ತ ಓಡಿಹೋಗಿ ಎತ್ತಿದ. ನಾನು ಸ್ಪ್ಯಾನರ್ ತಂದು, ಕೂತು, ಸ್ಕೂಟರಿನ ಪ್ಲಗ್ ಬಿಚ್ಚಿ ಕೆರೆಗೆ ಎಸೆದೆ. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು. ಅಜ್ಜಂಪುರದವರೆಗೆ ತಳ್ಳಿಕೊಂಡು ಹೋದರು.

ಬೇರೆ ಪ್ಲಗ್ ಹಾಕಿಸಿಕೊಳ್ಳುತ್ತಾರೆ. ನಾಳೆ ಮತ್ತೆ ರಸ್ತೆಗಿಳಿಯುತ್ತಾರೆ. ಗೊತ್ತು.

೨೨ ಏಪ್ರಿಲ್, ಭಾನುವಾರ

ಹದಿನಾರು ದಿನಕ್ಕೆ ಮಾಡುವ ಕಾರ್ಯಕ್ಕೆ ಹೇಳಿ ಕಳಿಸಿದ್ದಾರೆ. ಹೋಗಬೇಕು. ಅದಕ್ಕೆ ಮೊದಲು, ಮಣ್ಣು ಮಾಡಿದ ದಿನದ ಒಂದು ಸಂಗತಿ ಬರೆಯದೇ ಬಿಟ್ಟಿದ್ದೇನೆ. ಬರೆದುಬಿಟ್ಟರೆ ಕಣ್ಣು ಮುಚ್ಚಿದಾಗ ಬರುವುದು ನಿಲ್ಲುತ್ತದೇನೋ.

ಅವರ ಹೊಲದಲ್ಲೇ ಗುಂಡಿ ತೆಗೆದಿದ್ದರು. ಪಕ್ಕದಲ್ಲೇ ಕಣ. ಮೇಟಿ ಕಿತ್ತ ಜಾಗದಲ್ಲಿ ಮಣ್ಣು ಇನ್ನೂ ಹಸಿ, ಅರಿಸಿನದ ಬಣ್ಣ ಹೋಗಿರಲಿಲ್ಲ. ಪ್ರೇಮಳನ್ನು ಗುಂಡಿಯ ಪಕ್ಕ ಮಲಗಿಸಿದ್ದರು, ಹಸಿರು ಸೀರೆಯಲ್ಲೇ. ಹೆಂಗಸರೂ ಬಂದಿದ್ದರು. ಅವಳ ಕೈಯಲ್ಲಿ ಹೆರಿಗೆ ಮಾಡಿಸಿಕೊಂಡವರು, ಕಂಕುಳಲ್ಲಿ ಕೂಸುಗಳು.

ಚಂದ್ರಶೇಖರನ ಹೆಗಲ ಮೇಲೆ ನೀರಿನ ಮಡಕೆ ಇಟ್ಟರು. ಮೂರು ಸುತ್ತು ಬರಬೇಕು. ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಹೊರಟ. ಬಲಕ್ಕೆ ಹೊರಟ, ಕಣದಲ್ಲಿ ಎತ್ತು ಹೊಡೆಯುವ ಹಾಗೆ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹನುಮಂತಮ್ಮ ಹೆಂಗಸರ ನಡುವಿನಿಂದ ಎದ್ದು ಬಂದರು. ಮಗನ ಭುಜ ಹಿಡಿದು ನಿಲ್ಲಿಸಿ, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು.

"ಎಡಕ್ಕೆ ಕಣಪ್ಪಾ. ಎಡಕ್ಕೆ ಹೋಗ್ಬೇಕು."

ಹೇಳಿದವರು ಅಲ್ಲೇ ನಿಂತರು. ತಮ್ಮ ಮಾತು ತಮಗೇ ಕೇಳಿಸಿತು ಎಂದು ಕಾಣುತ್ತದೆ. ನನ್ನ ಕಡೆ ತಿರುಗಿದರು. ಆ ಮುದುಕಿ ನನ್ನನ್ನು ಹಾಗೆ ನೋಡಬಾರದಿತ್ತು. ನೆಲಕ್ಕೆ ಕುಸಿದರು. ಎತ್ತಲು ನಾನು ಹೋಗಲಿಲ್ಲ.

ಚಂದ್ರಶೇಖರ ತಿರುಗಿ ಎಡಕ್ಕೆ ಹೊರಟ. ಮೊದಲನೇ ಸುತ್ತು ತಡವರಿಸಿದ. ಎರಡನೆಯದಕ್ಕೆ ಅವನ ಕಣ್ಣು ಅವಳ ಮುಖದ ಮೇಲೆ ನಿಂತಿತು. ಆಮೇಲೆ ಕಾಲು ತಾನಾಗಿಯೇ ತಿರುಗಿತು. ಯಾರೂ ಹಿಡಿಯಲಿಲ್ಲ, ಯಾರೂ ಹೇಳಿಕೊಡಲಿಲ್ಲ. ಎಡಸುತ್ತು ಅಷ್ಟು ಸುಲಭ. ಎಡಗಡೆ ಇರುವುದರ ಮೇಲೆ ಕಣ್ಣು ಇಟ್ಟರೆ ಸಾಕು. ಅವಳೂ ಇಟ್ಟಿದ್ದಳು, ನನ್ನ ಮೇಲೆ. ನಾನು ಇನ್ನೊಂದು ಹೆಜ್ಜೆ ಮುಂದೆ ಬಂದು ನಿಂತು, ಅವಳ ಹೆಸರು ಹಿಡಿದು ಒಂದೇ ಒಂದು ಸಲ ಕೂಗಿದ್ದರೆ ಸಾಕಿತ್ತು.